ಹಲ್ ನಗರದ ಹೆದ್ದಾರಿಗೆ ಹೆಸರಾದ ಓಟಗಾರ

ಕೆಲವು ವರ್ಷಗಳ ಹಿಂದೆ, ನಿವೃತ್ತಿಯ ಅನಂತರ, ತಂಗಿಯ ಮಗನ ಒತ್ತಾಯಕ್ಕೆ ಮಣಿದು ನಾನೂ ನನ್ನ ಶ್ರೀಮತಿಯೂ ಒಂದು ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೋಗಿದ್ದೆವು. ಅವನು ಆ ದೇಶದ ಪೂರ್ವ ಕರಾವಳಿಗೆ ಹತ್ತಿರವಿರುವ ಹಲ್ ಎಂಬ ಬಂದರು ನಗರದಲ್ಲಿ ವೈದ್ಯ. ನಗರವನ್ನು ಪಶ್ಚಿಮದ ಕಡೆಯಿಂದ ಪ್ರವೇಶಿಸುವಾಗ ಬಲಗಡೆಗೆ ಹಂಬರ್ ನದಿಯ ಬೂದುಬಣ್ಣದ ವಿಸ್ತಾರವಾದ ನೀರು, ಅದರ ಮೇಲೆ ತೂಗುಸೇತುವೆ. ನಾನು ಅದನ್ನೇ ನೋಡುತ್ತಿದ್ದವನು ರಸ್ತೆಯ ಫಲಕದತ್ತ ಕಣ್ಣು ಹೊರಳಿಸಿದೆ. 'ಕ್ಲೈವ್ ಸಲ್ಲಿವನ್ ವೇ' ಎಂದಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಬೋಧಿಸಿದವನಿಗೆ ರಸ್ತೆಯ ಹೆಸರು ಕಂಡರೆ ಸುಮ್ಮನಿರಲಾಗದು. "ಯಾರಪ್ಪಾ ಈತ? ಇಲ್ಲಿನ ಮೇಯರ್ ಆಗಿದ್ದನೇನು?" ಎಂದು ಕೇಳಿದೆ.

"ಇಲ್ಲ ಮಾವ, ರಗ್ಬಿ ಆಟಗಾರ. ನಮ್ಮ ವಾರ್ಡಿಗೆ ಎಪ್ಪತ್ತು ದಾಟಿದ ರೋಗಿ ಯಾರೇ ಬರಲಿ, ಸಲ್ಲಿವನ್ ಹೆಸರೆತ್ತಿದರೆ ಸಾಕು, ನೋವು ಮರೆತು ಎದ್ದು ಕೂರುತ್ತಾರೆ" ಎಂದ.

ನಮ್ಮ ಊರುಗಳಲ್ಲಿ ರಸ್ತೆಗೆ ಹೆಸರಿಡುವುದೆಂದರೆ ರಾಜರು, ದಿವಾನರು, ಸ್ವಾತಂತ್ರ್ಯ ಹೋರಾಟಗಾರರು, ಬಹಳವಾದರೆ ಕವಿಗಳು. ಒಬ್ಬ ಆಟಗಾರನ ಹೆಸರನ್ನು ನಗರದ ಹೆಬ್ಬಾಗಿಲಿಗೇ ಇಟ್ಟಿರುವುದು ನನಗೆ ವಿಶೇಷವೆನಿಸಿತು. ಅಂದು ಸಂಜೆ ಸೋದರಳಿಯ ಒಂದು ಹಳೆಯ ಭಾವಚಿತ್ರ ತೋರಿಸಿದ. ಕಪ್ಪು ಮೈಬಣ್ಣದ, ತೆಳ್ಳಗಿನ, ನೀಳಕಾಲಿನ ಯುವಕ. ಎದೆಗವಚಿಕೊಂಡ ಮೊಟ್ಟೆಯಾಕಾರದ ಚೆಂಡು. ಊರಿಗೆ ಮರಳಿದ ಮೇಲೂ ಆ ಚಿತ್ರ ಮನಸ್ಸಿನಿಂದ ಹೋಗಲಿಲ್ಲ. ಅಂದಿನಿಂದ ಆಗಾಗ ಓದಿ ತಿಳಿದುಕೊಂಡುದನ್ನು ಈಗ ಒಂದೆಡೆ ಬರೆದಿಡುತ್ತಿದ್ದೇನೆ. ಆಟದ ತಾಂತ್ರಿಕ ಸೂಕ್ಷ್ಮಗಳಲ್ಲಿ ನಾನು ಪಂಡಿತನಲ್ಲ. ಓದುಗರು ಇದನ್ನು ಚರಿತ್ರೆಯ ಮೇಷ್ಟರೊಬ್ಬರ ಬರಹವೆಂದೇ ಓದಿಕೊಳ್ಳಬೇಕು.

ಮೊದಲು ಆಟದ ಮಾತು. ರಗ್ಬಿ ಎಂದರೆ ಒಂದೇ ಆಟವೆಂದು ನಾನು ಭಾವಿಸಿದ್ದೆ. ಅವು ಎರಡು. ರಗ್ಬಿ ಯೂನಿಯನ್ ಒಂದು, ರಗ್ಬಿ ಲೀಗ್ ಇನ್ನೊಂದು. ಈ ಎರಡು ಬೇರೆಯಾದ ಕಥೆ ಇಂಗ್ಲೆಂಡಿನ ವರ್ಗಭೇದದ ಕಥೆಯೇ ಆಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಆಟವನ್ನು ದಕ್ಷಿಣದಲ್ಲಿ ಶ್ರೀಮಂತ ಶಾಲೆಗಳಲ್ಲಿ ಓದಿದವರು ಆಡುತ್ತಿದ್ದರು. ಉತ್ತರದ ಯಾರ್ಕ್‌ಷೈರ್ ಮತ್ತು ಲ್ಯಾಂಕಾಷೈರ್‌ಗಳಲ್ಲಿ ಗಣಿ ಕಾರ್ಮಿಕರೂ ಗಿರಣಿ ಕಾರ್ಮಿಕರೂ ಆಡುತ್ತಿದ್ದರು. ಶನಿವಾರ ಆಟಕ್ಕೆ ಹೋದರೆ ಕೂಲಿ ಹೋಗುತ್ತಿತ್ತು. ಕಳೆದುಕೊಂಡ ಆ ಕೂಲಿಯನ್ನಾದರೂ ತುಂಬಿಕೊಡಿ ಎಂದು ಉತ್ತರದ ಸಂಘಗಳು ಕೇಳಿದವು. ಹಣ ಮುಟ್ಟಿದವನು ಸಭ್ಯ ಆಟಗಾರನಲ್ಲ ಎಂದು ದಕ್ಷಿಣದ ದೊರೆಗಳು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಎಂಬ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರದ ಸಂಘಗಳು ತಮ್ಮದೇ 'ನಾರ್ದರ್ನ್ ಯೂನಿಯನ್' ಕಟ್ಟಿಕೊಂಡವು. ಅದೇ ಮುಂದೆ ರಗ್ಬಿ ಲೀಗ್ ಎನಿಸಿತು. 1906ರಲ್ಲಿ ತಂಡದ ಸಂಖ್ಯೆಯನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿದರು. ಹಣ ಕೊಟ್ಟು ನೋಡಲು ಬಂದ ದುಡಿಮೆಗಾರನಿಗೆ ಗುಂಪಿನ ನೂಕಾಟಕ್ಕಿಂತ ಓಟ ಹೆಚ್ಚು ಕಾಣಬೇಕಲ್ಲ!

ಯೂನಿಯನ್ನಿನವರು ಇದಕ್ಕೆ ಹಾಕಿದ ಶಿಕ್ಷೆ ನಮ್ಮ ಹಳೆಯ ಜಾತಿ ಬಹಿಷ್ಕಾರವನ್ನು ನೆನಪಿಗೆ ತರುತ್ತದೆ. ಲೀಗ್ ಆಟವನ್ನು ಒಂದು ಬಾರಿ ಆಡಿದವನು, ಪರೀಕ್ಷಾರ್ಥವಾಗಿ ಆಡಿದರೂ ಸರಿಯೇ, ಮತ್ತೆ ಯೂನಿಯನ್ ಮೈದಾನಕ್ಕೆ ಕಾಲಿಡುವಂತಿರಲಿಲ್ಲ. 1995ರಲ್ಲಿ ಯೂನಿಯನ್ ತಾನೂ ಹಣದ ಆಟವಾಗುವವರೆಗೆ, ಸರಿಯಾಗಿ ನೂರು ವರ್ಷ, ಈ ಬಹಿಷ್ಕಾರ ನಡೆಯಿತು. ಆದ್ದರಿಂದ ಪರೀಕ್ಷೆಗೆ ಬಂದ ಹುಡುಗನ ಹೆಸರನ್ನು ಲೀಗ್ ಸಂಘಗಳು ಗುಟ್ಟಾಗಿಡುತ್ತಿದ್ದವು. ಪತ್ರಿಕೆಯಲ್ಲಿ, ಆಟಗಾರರ ಪಟ್ಟಿಯಲ್ಲಿ, ಅವನ ಸ್ಥಾನದಲ್ಲಿ 'ಮತ್ತೊಬ್ಬ' ಎಂದೋ ಒಂದು ಅಕ್ಷರವೆಂದೋ ಇರುತ್ತಿತ್ತು. ಈ ವಿಷಯ ಮುಂದೆ ಬರಲಿದೆ.

ಆಟದ ಸ್ವರೂಪ ನಮ್ಮ ಕಬಡ್ಡಿ ಬಲ್ಲವರಿಗೆ ಅರ್ಥವಾಗದ್ದಲ್ಲ. ಚೆಂಡು ಹಿಡಿದವನು ಎದುರಾಳಿಗಳ ಸಾಲನ್ನು ಭೇದಿಸಿ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಬೇಕು. ಇದಕ್ಕೆ ಟ್ರೈ ಎನ್ನುತ್ತಾರೆ. ಆಗಿನ ಕಾಲಕ್ಕೆ ಮೂರು ಅಂಕ. ಎದುರಾಳಿಗಳು ಅವನನ್ನು ಮೈಮೇಲೆ ಬಿದ್ದು ಹಿಡಿದು ಕೆಡವುತ್ತಾರೆ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಹೀಗೆ ಕೈಯಿಂದ ಕೈಗೆ ಸಾಗಿದ ಚೆಂಡು ಕೊನೆಗೆ ತಲುಪುವುದು ಮೈದಾನದ ಅಂಚಿನ ಗೆರೆಯ ಪಕ್ಕದಲ್ಲಿ ನಿಂತಿರುವ ಆಟಗಾರನಿಗೆ. ಅವನೇ ವಿಂಗರ್. ಎಷ್ಟೋ ಹೊತ್ತು ಅವನಿಗೆ ಕೆಲಸವಿರುವುದಿಲ್ಲ. ಚಳಿಯಲ್ಲಿ ಕೈಯುಜ್ಜುತ್ತ ನಿಂತಿರುತ್ತಾನೆ. ಚೆಂಡು ಬಂದ ಕ್ಷಣದಲ್ಲಿ ಅವನ ಒಂದು ಪಕ್ಕಕ್ಕೆ ಗೆರೆ, ಇನ್ನೊಂದು ಪಕ್ಕಕ್ಕೆ ಅಟ್ಟಿಬರುವ ದಾಂಡಿಗರು, ನಡುವೆ ಎರಡು ಮಾರಿನಷ್ಟು ಜಾಗ. ಆ ಕಿರುದಾರಿಯಲ್ಲಿ ಕಾಲು ಏನು ಮಾಡಬಲ್ಲುದೋ ಅದೇ ಅವನ ಯೋಗ್ಯತೆ. ವಿಂಗರ್ ಎಂದರೆ ಕಾಲೇ ಸರ್ವಸ್ವ. ಅಂಥ ಕೆಲಸಕ್ಕೆ, ಈ ಹುಡುಗ ಸರಿಯಾಗಿ ನಡೆಯುವುದೇ ಕಷ್ಟವೆಂದು ವೈದ್ಯರು ಹೇಳಿದ್ದ ಒಬ್ಬಾತ ಬಂದದ್ದೇ ಈ ಕಥೆಯ ತಿರುಳು.

ಕ್ಲೈವ್ ಸಲ್ಲಿವನ್ ಹುಟ್ಟಿದ್ದು 1943ರ ಏಪ್ರಿಲ್ 9ರಂದು, ವೇಲ್ಸ್ ದೇಶದ ಕಾರ್ಡಿಫ್ ನಗರದ ಸ್ಪ್ಲಾಟ್ ಎಂಬ ಬಡಾವಣೆಯಲ್ಲಿ. ಬೆಳೆದದ್ದು ಅದೇ ನಗರದ ಈಲಿಯಲ್ಲಿ. ತಂದೆತಾಯಿ ಜಮೈಕಾ ಮೂಲದವರು. ಕಾರ್ಡಿಫ್ ಆಗ ಕಲ್ಲಿದ್ದಲಿನ ಬಂದರು. ಹಡಗುಗಳೊಂದಿಗೆ ಆಫ್ರಿಕ, ಅರಬ್ ನಾಡು, ವೆಸ್ಟ್ ಇಂಡೀಸ್‌ಗಳ ನಾವಿಕರು ಬಂದು ಅಲ್ಲಿಯೇ ನೆಲೆಸಿ, ಹಡಗುಕಟ್ಟೆಗಳ ಸುತ್ತ ಹಲವು ಬಣ್ಣದ ಜನರ ವಸತಿಯೊಂದು ಬೆಳೆದಿತ್ತು. ಆ ಕೇರಿಗಳ ಹುಡುಗರು ರಗ್ಬಿ ಚೆನ್ನಾಗಿಯೇ ಆಡುತ್ತಿದ್ದರು. ಆದರೆ ವೇಲ್ಸಿನ ರಾಷ್ಟ್ರೀಯ ಯೂನಿಯನ್ ತಂಡ ಒಬ್ಬ ಕರಿಯ ಆಟಗಾರನನ್ನು ಆರಿಸಲು 1980ರ ದಶಕ ಬರಬೇಕಾಯಿತು. ಹೀಗಾಗಿ ಅವರಿಗೆ ಉಳಿದದ್ದು ಉತ್ತರದ ದಾರಿ ಒಂದೇ.

ಆ ದಾರಿಯಲ್ಲಿ ಸಲ್ಲಿವನ್‌ಗಿಂತ ಮುಂಚೆ ನಡೆದ ಬಿಲ್ಲಿ ಬೋಸ್ಟನ್‌ನನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಅವನೂ ಕಾರ್ಡಿಫಿನ ಹಡಗುಕಟ್ಟೆಯ ಹುಡುಗ, ಅವನೂ ವಿಂಗರ್. ತಂದೆ ಸಿಯೆರಾ ಲಿಯೋನ್ ಮೂಲದ ನಾವಿಕ. 1953ರಲ್ಲಿ ವಿಗನ್ ಸಂಘ ಸೇರಿದ ಬೋಸ್ಟನ್ ತನ್ನ ವೃತ್ತಿಜೀವನದಲ್ಲಿ 571 ಟ್ರೈಗಳನ್ನು ಗಳಿಸಿದ. 1957ರಲ್ಲಿ ಆಸ್ಟ್ರೇಲಿಯದಲ್ಲಿ ವಿಶ್ವಕಪ್ ಮುಗಿಸಿ ಬರುವಾಗ ಬ್ರಿಟಿಷ್ ತಂಡ ದಕ್ಷಿಣ ಆಫ್ರಿಕದಲ್ಲಿ ಇಳಿದು ಪ್ರದರ್ಶನ ಪಂದ್ಯಗಳನ್ನು ಆಡಿತು. ವರ್ಣಭೇದದ ಕಾನೂನಿನ ಆ ನಾಡಿಗೆ ಬೋಸ್ಟನ್ ತಂಡದೊಂದಿಗೆ ಹೋಗುವಂತಿರಲಿಲ್ಲ. ಜೊತೆಗಾರರು ಅತ್ತ ಹೋದರು, ಆತ ಒಬ್ಬನೇ ಮನೆಗೆ ಮರಳಿದ. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದ 1893ರ ಪ್ರಸಂಗವನ್ನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದ ನನಗೆ, ಅರುವತ್ತನಾಲ್ಕು ವರ್ಷಗಳ ಅನಂತರವೂ ಆ ನೆಲದ ಕಥೆ ಅದೇ ಆಗಿತ್ತೆಂಬುದು ಓದಿ ತಿಳಿದಾಗ ಮನಸ್ಸು ಭಾರವಾಯಿತು.

ಮರಳಿ ಸಲ್ಲಿವನ್‌ಗೆ ಬರೋಣ. ಬಾಲ್ಯದಲ್ಲಿಯೇ ಅವನ ಕಾಲು, ಪಾದ, ಭುಜಗಳಿಗೆ ಹಲವು ಶಸ್ತ್ರಚಿಕಿತ್ಸೆಗಳಾದವು. ಮುಂದೆ ಸರಿಯಾಗಿ ನಡೆದರೆ ಅದೇ ದೊಡ್ಡದು, ಆಟದ ಮಾತು ಬಿಡಿ ಎಂಬ ಅಭಿಪ್ರಾಯ ವೈದ್ಯರದು. ಶಾಲೆ ಬಿಟ್ಟ ಹುಡುಗ ಮೋಟಾರು ರಿಪೇರಿಯ ಕೆಲಸ ಕಲಿತು, 1961ರಲ್ಲಿ ಸೈನ್ಯ ಸೇರಿದ.

ಸೈನ್ಯದಲ್ಲಿ ನಡೆದ ಪ್ರಸಂಗ ಎಂಥ ಕಾದಂಬರಿಕಾರನಿಗೂ ಹೊಳೆಯುವಂಥದ್ದಲ್ಲ. ವೇಲ್ಸಿನವನು ಎಂದಮೇಲೆ ರಗ್ಬಿ ಬಂದೇ ಬರುತ್ತದೆ ಎಂದು ಮೇಲಧಿಕಾರಿಗಳು ಅವನ ಹೆಸರನ್ನು ಪಂದ್ಯದ ಪಟ್ಟಿಯಲ್ಲಿ ಸೇರಿಸಿಬಿಟ್ಟರು. ಆಡಲಾರೆ ಎಂದರೆ ಏಕೆಂದು ಹೇಳಬೇಕು. ಹೇಳಿದರೆ ಕಾಲಿನ ಚರಿತ್ರೆಯೆಲ್ಲ ಬಯಲಾಗಿ ಸೈನ್ಯದ ಕೆಲಸಕ್ಕೇ ಸಂಚಕಾರ. ಅತ್ತ ದರಿ ಇತ್ತ ಪುಲಿ. ಅವನು ಒಂದು ಉಪಾಯ ಹೂಡಿದ: ಮೈದಾನಕ್ಕಿಳಿಯುವುದು, ಬೇಕೆಂದೇ ಕೆಟ್ಟದಾಗಿ ಆಡುವುದು, ಮುಂದೆ ಯಾರೂ ತನ್ನನ್ನು ಕರೆಯದಂತೆ ಮಾಡಿಕೊಳ್ಳುವುದು. ಆದರೆ ಚೆಂಡು ಕೈಗೆ ಬಂದಾಗ, ಎದುರಿಗೆ ಜಾಗ ಕಂಡಾಗ, ಉಪಾಯ ಮರೆತುಹೋಯಿತು. ಓಡಿದ. ಗೆರೆ ದಾಟಿ ಟ್ರೈ ಗಳಿಸಿದ. ಕಾಲು ಮುರಿಯಲಿಲ್ಲ, ನೋಯಲೂ ಇಲ್ಲ. ತನ್ನ ಕಾಲು ತನಗೆ ವಾಪಸು ಬಂದಿದೆ ಎಂಬ ಸಂಗತಿ ಹದಿನೆಂಟರ ಆ ಹುಡುಗನಿಗೆ ಗೊತ್ತಾದದ್ದು ಹೀಗೆ.

ಇಲ್ಲಿ ಒಂದು ಸ್ವಂತ ವಿಷಯ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೆಯ ತರಗತಿಯಲ್ಲಿ ಪೋಲಿಯೋ ತಗುಲಿ ಬಲಗಾಲು ಸೊರಗಿದ ಹುಡುಗನೊಬ್ಬನಿದ್ದ. ಕ್ರೀಡಾದಿನ ಬಂದಾಗಲೆಲ್ಲ ಅವನನ್ನು ನೇರಳೆ ಮರದ ಕೆಳಗೆ ಮೇಜು ಹಾಕಿ ಅಂಕ ಬರೆಯಲು ಕೂರಿಸುತ್ತಿದ್ದೆ. ಅಕ್ಷರ ದುಂಡಗಿತ್ತು, ನಂಬಿಕಸ್ಥ. ಒಂದು ವರ್ಷ ಹತ್ತಿರ ಬಂದು, "ಸಾರ್, ನೂರು ಮೀಟರಿಗೆ ನನ್ನ ಹೆಸರೂ ಬರೆದುಕೊಳ್ಳಿ, ಕೊನೆಗೆ ಬಂದರೂ ಪರವಾಗಿಲ್ಲ" ಎಂದ. "ಬಿದ್ದು ಏನಾದರೂ ಮಾಡಿಕೊಂಡೀಯೆ, ಸುಮ್ಮನೆ ಕೂತುಕೋ" ಎಂದೆ. ಅವನ ಒಳ್ಳೆಯದಕ್ಕೇ ಹೇಳಿದ್ದೆ. ಅವನೂ ಮರುಮಾತಾಡದೆ ಹೋಗಿ ಕೂತು ಅಂಕ ಬರೆದ. ಸಲ್ಲಿವನ್ ಕಥೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ಮೇಜು. ಎರಡೂ ಕಾಯಿಲೆಗಳು ಬೇರೆ ಬೇರೆ, ಹೋಲಿಸಬಾರದು, ಬಲ್ಲೆ. ಆದರೆ ನಾನು ಆ ದಿನ ಯಾರನ್ನೂ ಕೇಳಲಿಲ್ಲ, ವೈದ್ಯರನ್ನೂ ಕೇಳಲಿಲ್ಲ.

ಸೈನ್ಯದಲ್ಲಿ ಹೆಸರು ಮಾಡಿದ ಸಲ್ಲಿವನ್ ಲೀಗ್ ಆಟದಲ್ಲಿ ಕೈನೋಡಲು ಬ್ರಾಡ್‌ಫರ್ಡ್ ಸಂಘಕ್ಕೆ ಪರೀಕ್ಷೆಗೆ ಹೋದ. ಅವರು ಬೇಡವೆಂದರು. (ಪಾಪ, ಆಯ್ಕೆ ಮಾಡಿದವರು ಆಮೇಲೆ ಎಷ್ಟು ವರ್ಷ ಕೈ ಕೈ ಹಿಸುಕಿಕೊಂಡರೋ!) 1961ರ ಡಿಸೆಂಬರ್‌ನಲ್ಲಿ ಹಲ್ ಸಂಘ ಅವನನ್ನು ಹೆಸರಿಲ್ಲದ ಆಟಗಾರನನ್ನಾಗಿ ಬ್ರಾಮ್‌ಲಿ ತಂಡದ ವಿರುದ್ಧ ಕಣಕ್ಕಿಳಿಸಿತು. ಆ ಅನಾಮಿಕ ಮೂರು ಟ್ರೈ ಗಳಿಸಿದ. ಮರುದಿನವೇ ಒಪ್ಪಂದಕ್ಕೆ ಸಹಿ ಬಿತ್ತು. ಇನ್ನು ಹೆಸರು ಮುಚ್ಚಿಡುವ ಅಗತ್ಯವಿರಲಿಲ್ಲ.

ಮೊದಲ ಕೆಲವು ವರ್ಷಗಳು ಸುಗಮವಾಗಿರಲಿಲ್ಲ. ಸೈನ್ಯದ ನೌಕರಿ ಇನ್ನೂ ಇತ್ತು. ರಜೆ ಸಿಕ್ಕಾಗ ಆಟ. ಮೊಣಕಾಲಿಗೆ ಮತ್ತೆ ಶಸ್ತ್ರಚಿಕಿತ್ಸೆಗಳಾದವು. 1963ರ ಅಕ್ಟೋಬರಿನಲ್ಲಿ ಕಾರು ಅಪಘಾತದಲ್ಲಿ ಪ್ರಾಣಕ್ಕೇ ಸಂಚಕಾರ ಬಂದು, ಮೂರು ತಿಂಗಳಲ್ಲಿ ಮೈದಾನಕ್ಕೆ ಮರಳಿದ. 1964ರಲ್ಲಿ ಸೈನ್ಯ ಅವನನ್ನು ಸೈಪ್ರಸ್ಸಿಗೆ ಕಳುಹಿಸಿತು. ಸೈನ್ಯ ಬಿಟ್ಟು ಹಲ್‌ನಲ್ಲಿ ನೆಲೆನಿಂತ ಮೇಲೆಯೇ ನಿಜವಾದ ಆಟ ಆರಂಭವಾದದ್ದು. ವೃತ್ತಿಪರ ಆಟಗಾರ ಎಂದೊಡನೆ ಇಂದಿನ ಕ್ರಿಕೆಟಿಗರ ಕೋಟಿಗಳನ್ನು ಯಾರೂ ನೆನೆಯಬಾರದು. ಆ ಕಾಲದ ಲೀಗ್ ಆಟಗಾರರು ಹಗಲು ಎಲ್ಲೋ ದುಡಿದು, ಸಂಜೆ ಅಭ್ಯಾಸ ಮಾಡಿ, ವಾರದ ಕೊನೆಗೆ ಆಡಿ, ಗೆದ್ದರೆ ಒಂದು ಮೊತ್ತ, ಸೋತರೆ ಅದಕ್ಕಿಂತ ಕಡಿಮೆ ಮೊತ್ತ ಪಡೆದು ಮನೆಗೆ ಹೋಗುವವರು.

ಹಲ್ ನಗರದ ಭೂಗೋಳ ತಿಳಿಯದೆ ಅವನ ಕೀರ್ತಿ ತಿಳಿಯದು. ಹಂಬರನ್ನು ಸೇರುವ ಹಲ್ ಎಂಬ ಸಣ್ಣ ನದಿ ಊರನ್ನು ಎರಡಾಗಿ ಸೀಳುತ್ತದೆ. ನದಿಯ ಪಶ್ಚಿಮಕ್ಕೆ ಹೆಸಲ್ ರಸ್ತೆಯ ಮೀನುಗಾರರ ಕೇರಿ. ಅವರ ತಂಡ ಹಲ್ ಎಫ್‌ಸಿ, ಕಪ್ಪು-ಬಿಳಿ ಅಂಗಿ, ಆಗ ಬೌಲೆವಾರ್ಡ್ ಮೈದಾನ. ಪೂರ್ವಕ್ಕೆ ಹಡಗುಕಟ್ಟೆಯ ದುಡಿಮೆಗಾರರು. ಅವರ ತಂಡ ಹಲ್ ಕಿಂಗ್‌ಸ್ಟನ್ ರೋವರ್ಸ್, ಕೆಂಪು-ಬಿಳಿ ಅಂಗಿ, ಕ್ರೇವನ್ ಪಾರ್ಕ್ ಮೈದಾನ. ಹುಟ್ಟಿದ ಮಗು ಯಾವ ತಂಡದ್ದು ಎಂಬುದು ನದಿಯ ಯಾವ ದಡದಲ್ಲಿ ತೊಟ್ಟಿಲು ತೂಗಿದರೆಂಬುದರ ಮೇಲೆಯೇ ತೀರ್ಮಾನ. ಮದುವೆಯಿಂದ ಎರಡು ದಡ ಕೂಡಿದ ಮನೆಗಳಲ್ಲಿ ಪಂದ್ಯದ ದಿನ ಅಡುಗೆಮನೆ ತಣ್ಣಗಿರುತ್ತದೆ ಎಂದು ಸೋದರಳಿಯನ ಸಹೋದ್ಯೋಗಿಯೊಬ್ಬರು ನನಗೆ ನಗುತ್ತಾ ಹೇಳಿದ್ದರು.

ಹೆಸಲ್ ರಸ್ತೆಯ ಗಂಡಸರು ದೋಣಿಯೇರಿದರೆ ಐಸ್‌ಲ್ಯಾಂಡಿನಾಚೆಯ ಹಿಮಸಮುದ್ರಕ್ಕೆ ಹೋಗಿ ವಾರಗಟ್ಟಲೆ ಬರುತ್ತಿರಲಿಲ್ಲ. 1968ರ ಜನವರಿ-ಫೆಬ್ರುವರಿಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಆ ಊರಿನ ಮೂರು ಮೀನುಗಾರಿಕೆ ಹಡಗುಗಳು ಮುಳುಗಿ 58 ಮಂದಿ ಸತ್ತರು. ಬೌಲೆವಾರ್ಡ್‌ನ ಪ್ರೇಕ್ಷಕರೆಂದರೆ ಈ ಮನೆಗಳ ಜನ. ಅದೇ ವರ್ಷದ ಏಪ್ರಿಲ್ 15ರಂದು ಡಾಂಕಾಸ್ಟರ್ ವಿರುದ್ಧ ಸಲ್ಲಿವನ್ ಒಂದೇ ಪಂದ್ಯದಲ್ಲಿ ಏಳು ಟ್ರೈ ಗಳಿಸಿ ಸಂಘದ ದಾಖಲೆ ಬರೆದ. ಇದಾದ ಐದೇ ದಿನಕ್ಕೆ, ಏಪ್ರಿಲ್ 20ರಂದು, ಬರ್ಮಿಂಗ್‌ಹ್ಯಾಮಿನಲ್ಲಿ ಇನಾಕ್ ಪೊವೆಲ್ ಎಂಬ ರಾಜಕಾರಣಿ ಬಣ್ಣದ ಜನರ ವಲಸೆಯ ವಿರುದ್ಧ ತನ್ನ ಕುಖ್ಯಾತ ಭಾಷಣ ಮಾಡಿದ. ಅವನನ್ನು ಬೆಂಬಲಿಸಿ ಲಂಡನ್ನಿನ ಹಡಗುಕಟ್ಟೆಯ ಕಾರ್ಮಿಕರು ಮೆರವಣಿಗೆ ಹೊರಟರು. ಎರಡು ಘಟನೆಗಳಿಗೂ ಕಾರಣ-ಕಾರ್ಯ ಸಂಬಂಧವಿಲ್ಲ; ಒಂದೇ ವಾರದ ಎರಡು ಸಂಗತಿಗಳು, ಅಷ್ಟೆ. ಮೈದಾನಗಳಲ್ಲಿ ಆ ಕಾಲದ ಕರಿಯ ಆಟಗಾರರು ಕೇಳಬೇಕಾಗಿದ್ದ ಮಾತುಗಳೂ ಕಡಿಮೆಯವಲ್ಲ. ಲೀಗ್ ಜಗತ್ತು ವರ್ಣಭೇದವಿಲ್ಲದ ಸ್ವರ್ಗವಾಗಿತ್ತೆಂದು ನಾನು ಬರೆಯಲಾರೆ. ಆದರೂ ಯೂನಿಯನ್ ಮುಚ್ಚಿದ್ದ ಬಾಗಿಲನ್ನು ಲೀಗ್ ತೆರೆದಿತ್ತೆಂಬುದು ಸತ್ಯ. ಕೂಲಿ ಕೇಳಿದ್ದಕ್ಕೆ ತಾವೇ ಹೊರದೂಡಿಸಿಕೊಂಡವರ ಆಟವಾದ್ದರಿಂದಲೋ ಏನೋ, ಓಡಬಲ್ಲವನ ಮೈಬಣ್ಣವನ್ನು ಅಲ್ಲಿ ಅಷ್ಟಾಗಿ ಎಣಿಸಲಿಲ್ಲ ಎಂದು ನನ್ನ ಊಹೆ.

1967ರಲ್ಲಿ ಗ್ರೇಟ್ ಬ್ರಿಟನ್ ತಂಡಕ್ಕೆ ಬಂದ ಸಲ್ಲಿವನ್ ಮರುವರ್ಷದ ವಿಶ್ವಕಪ್ಪಿನಲ್ಲಿ ಸಿಡ್ನಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಮೂರು ಟ್ರೈ ಗಳಿಸಿದ. ಅದಾಗಿ ನಾಲ್ಕು ವರ್ಷಕ್ಕೆ, 1972ರಲ್ಲಿ, ತಂಡದ ನಾಯಕನಾದ. ಬ್ರಿಟನ್ನಿನ ಯಾವುದೇ ಪ್ರಮುಖ ಕ್ರೀಡೆಯಲ್ಲಿ ರಾಷ್ಟ್ರೀಯ ತಂಡವನ್ನು ಮುನ್ನಡೆಸಿದ ಮೊದಲ ಕರಿಯ ಆಟಗಾರ ಈತನೇ. ಇದರ ತೂಕ ತಿಳಿಯಲು ಇನ್ನೊಂದು ಆಟವನ್ನು ನೋಡಬಹುದು: ಇಂಗ್ಲೆಂಡಿನ ಫುಟ್ಬಾಲ್ ತಂಡ ಪೂರ್ಣ ಅಂತರರಾಷ್ಟ್ರೀಯ ಪಂದ್ಯಕ್ಕೆ ಒಬ್ಬ ಕರಿಯ ಆಟಗಾರನನ್ನು, ವಿವ್ ಆಂಡರ್ಸನ್‌ನನ್ನು, ಇಳಿಸಿದ್ದು 1978ರಲ್ಲಿ, ಪಾಲ್ ಇನ್ಸ್ ಆ ತಂಡದ ನಾಯಕನಾದದ್ದು 1993ರಲ್ಲಿ.

ಆ ವರ್ಷ ವಿಶ್ವಕಪ್ ಫ್ರಾನ್ಸಿನಲ್ಲಿ. ಬ್ರಿಟನ್ನಿಗೆ ಗೆಲ್ಲುವ ತಂಡವೆಂಬ ಹೆಸರೇನೂ ಇರಲಿಲ್ಲ. ಆದರೂ ಪರ್ಪಿನ್ಯಾನಿನಲ್ಲಿ ಆಸ್ಟ್ರೇಲಿಯವನ್ನು 27-21ರಿಂದಲೂ, ಗ್ರೆನೋಬಲ್‌ನಲ್ಲಿ ಫ್ರಾನ್ಸನ್ನು 13-4ರಿಂದಲೂ, ಪೋ ಎಂಬಲ್ಲಿ ನ್ಯೂಜಿಲೆಂಡನ್ನು 53-19ರಿಂದಲೂ ಸೋಲಿಸಿ ಅಂತಿಮ ಪಂದ್ಯ ತಲುಪಿತು. ನವೆಂಬರ್ 11ರಂದು ಲಿಯೋನ್ ನಗರದಲ್ಲಿ ಮತ್ತೆ ಆಸ್ಟ್ರೇಲಿಯವೇ ಎದುರಾಳಿ. ದೊಡ್ಡ ಕ್ರೀಡಾಂಗಣ, ಬಂದ ಪ್ರೇಕ್ಷಕರು ಸುಮಾರು ನಾಲ್ಕು ಸಾವಿರ. ನಮ್ಮ ತಾಲ್ಲೂಕು ಮಟ್ಟದ ಕಬಡ್ಡಿಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ವಿಶ್ವಕಪ್ ಅಂತಿಮ ಪಂದ್ಯ, ಖಾಲಿ ಮೆಟ್ಟಿಲುಗಳ ನಡುವೆ.

ಆಸ್ಟ್ರೇಲಿಯ ಮೊದಲು ಮುನ್ನಡೆ ಪಡೆಯಿತು. ಬ್ರಿಟನ್ನಿನ ಗೆರೆಯ ಕಡೆಗೆ ಅವರ ದಾಳಿ ಸಾಗಿದ್ದಾಗ ಚೆಂಡು ಕೈತಪ್ಪಿ ನೆಲಕ್ಕೆ ಬಿತ್ತು. ಸಲ್ಲಿವನ್ ಅದನ್ನು ಎತ್ತಿಕೊಂಡ. ಮುಂದೆ ಹೆಚ್ಚುಕಡಿಮೆ ಇಡೀ ಮೈದಾನ. ಈ ಓಟದ ಹಳೆಯ ಚಲನಚಿತ್ರವನ್ನು ನಾನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ಭುಜ ಸ್ವಲ್ಪ ಮುಂದಕ್ಕೆ ಬಾಗಿದೆ, ಹೆಜ್ಜೆ ಉದ್ದುದ್ದ. ಆರಂಭದಲ್ಲಿ ಬೆನ್ನಟ್ಟುವವರು ಹತ್ತಿರವೇ ಇದ್ದಂತೆ ಕಾಣುತ್ತಾರೆ. ನಡುಗೆರೆ ದಾಟಿದ ಮೇಲೆ ಅಂತರ ಹೆಚ್ಚುತ್ತದೆ. ಸುಮಾರು ಎಂಬತ್ತು ಗಜ ಓಡಿ ಆತ ಚೆಂಡನ್ನು ನೆಲಕ್ಕೊತ್ತಿದಾಗ ಹಿಂದಿನವರು ಓಡುವುದನ್ನೇ ಬಿಟ್ಟಿದ್ದಾರೆ. ಮೋಟಾರು ರಿಪೇರಿ ಮಾಡುತ್ತಿದ್ದ ಹುಡುಗ, ಕತ್ತರಿಸಿ ಹೊಲಿದ ಕಾಲು, ಎಂದು ಗೊತ್ತಿದ್ದು ನೋಡಿದರೆ ಕಣ್ಣು ಒದ್ದೆಯಾಗುತ್ತದೆ. ನನ್ನ ಶ್ರೀಮತಿ, "ಈ ವಯಸ್ಸಿನಲ್ಲಿ ಯಾವನೋ ಓಡಿದ್ದಕ್ಕೆ ಅಳುತ್ತೀರಲ್ಲ" ಎಂದು ಹಾಸ್ಯ ಮಾಡುತ್ತಾಳೆ.

ಪಂದ್ಯದಲ್ಲಿ ವಿವಾದವೂ ಇತ್ತೆನ್ನಬೇಕು. ಆಸ್ಟ್ರೇಲಿಯದ ನಾಯಕ ಗ್ರೇಮ್ ಲ್ಯಾಂಗ್‌ಲಂಡ್ಸ್ ಗಾಳಿಯಲ್ಲಿ ಹಾರಿ ಚೆಂಡನ್ನು ಹಿಡಿದು ಗೆರೆಯಾಚೆ ಬಿದ್ದ ಒಂದು ಅದ್ಭುತ ಟ್ರೈಯನ್ನು ತೀರ್ಪುಗಾರರು ತಳ್ಳಿಹಾಕಿದರು. ಅದು ಸರಿಯಾದ ಟ್ರೈಯೇ ಆಗಿತ್ತೆಂದು ಚಿತ್ರಗಳನ್ನು ನೋಡಿದವರು ಹೇಳುತ್ತಾರೆ. ಕೊನೆಯ ಹಂತದಲ್ಲಿ ಮೈಕ್ ಸ್ಟೀಫನ್‌ಸನ್ ಗಳಿಸಿದ ಟ್ರೈ ಮತ್ತು ಟೆರ್ರಿ ಕ್ಲಾಸನ್‌ನ ಒದೆತದಿಂದ ಬ್ರಿಟನ್ 10-10ಕ್ಕೆ ತಲುಪಿತು. ಹೆಚ್ಚುವರಿ ಇಪ್ಪತ್ತು ನಿಮಿಷಗಳಲ್ಲಿ ಯಾರಿಗೂ ಅಂಕ ಸಿಗಲಿಲ್ಲ. ಮೊದಲ ಸುತ್ತಿನಲ್ಲಿ ಮೂರೂ ಪಂದ್ಯ ಗೆದ್ದಿದ್ದ ಕಾರಣ ಕಪ್ಪು ಬ್ರಿಟನ್ನಿನ ಪಾಲಾಯಿತು. ನಾಯಕ ಸಲ್ಲಿವನ್ ನಾಲ್ಕು ಪಂದ್ಯಗಳಲ್ಲಿಯೂ ಟ್ರೈ ಗಳಿಸಿದ್ದ. ಅದಾದ ಮೇಲೆ, 2022ರಲ್ಲಿ ನಡೆದ ವಿಶ್ವಕಪ್ಪಿನವರೆಗೂ, ಬ್ರಿಟನ್ನಾಗಲಿ ಇಂಗ್ಲೆಂಡಾಗಲಿ ಆ ಕಪ್ಪನ್ನು ಮತ್ತೆ ಮುಟ್ಟಲಿಲ್ಲ.

1966ರಲ್ಲಿ ಫುಟ್ಬಾಲ್ ವಿಶ್ವಕಪ್ ಎತ್ತಿದ ಬಾಬಿ ಮೂರ್‌ನ ಹೆಸರು ನಮ್ಮ ಹಳ್ಳಿಯ ವಾಚನಾಲಯದ ಪತ್ರಿಕೆಗಳಲ್ಲೂ ಬಂದಿತ್ತು. ಆರು ವರ್ಷದ ಅನಂತರ ಇನ್ನೊಂದು ವಿಶ್ವಕಪ್ ಎತ್ತಿದ ಸಲ್ಲಿವನ್‌ನ ಹೆಸರು ಇಂಗ್ಲೆಂಡಿನ ದಕ್ಷಿಣಾರ್ಧಕ್ಕೇ ಸರಿಯಾಗಿ ಮುಟ್ಟಲಿಲ್ಲ. ಅದಕ್ಕೆ ಕಾರಣ ಅವನ ಬಣ್ಣ ಮಾತ್ರವಲ್ಲ. ಅವನು ಆಡಿದ ಆಟ ಉತ್ತರದ ಕೂಲಿಕಾರರ ಆಟ. ಲಂಡನ್ನಿನ ಪತ್ರಿಕೆಗಳಿಗೆ ಅದು ದೂರದ ಯಾವುದೋ ಜಾತ್ರೆಯ ಸುದ್ದಿ. 1974ರಲ್ಲಿ ಸರ್ಕಾರ ಎಂಬಿಇ ಗೌರವ ಕೊಟ್ಟಿತು ಎಂಬುದನ್ನೂ ಮರೆಯಬಾರದು.

ಅದೇ 1974ರಲ್ಲಿ ಸಲ್ಲಿವನ್ ನದಿ ದಾಟಿದ. ಹಲ್ ಎಫ್‌ಸಿಗಾಗಿ 352 ಪಂದ್ಯಗಳಲ್ಲಿ 250 ಟ್ರೈ ಗಳಿಸಿದ್ದವನು ಎದುರು ದಡದ ಕೆಂಪು-ಬಿಳಿ ಅಂಗಿ ತೊಟ್ಟ. ಮೇಲೆ ಹೇಳಿದ ಅಡುಗೆಮನೆಗಳ ಊರಿನಲ್ಲಿ ಇದು ಕ್ಷಮಿಸಲಾಗದ ಅಪರಾಧವಾಗಬೇಕಿತ್ತು. ಆಗಲಿಲ್ಲ. ಪೂರ್ವದವರು ಅವನನ್ನು ತಮ್ಮವನೆಂದರು. ಪಶ್ಚಿಮದವರು ತಮ್ಮವನಲ್ಲ ಎನ್ನಲಿಲ್ಲ. ಇದು ಹೇಗೆ ಸಾಧ್ಯವಾಯಿತೆಂದು ಸೋದರಳಿಯನ ಮೂಲಕ ಒಬ್ಬ ಹಿರಿಯ ರೋಗಿಯನ್ನು ಕೇಳಿಸಿದೆ. ಆತ ಹೇಳಿದ್ದು ಒಂದೇ ಮಾತು: ಆತ ದೊಡ್ಡ ಮನುಷ್ಯ. ನಾನು ಇನ್ನೂ ಏನಾದರೂ ವಿಶ್ಲೇಷಣೆ ನಿರೀಕ್ಷಿಸಿದ್ದೆ.

ರೋವರ್ಸ್ ಪರ 213 ಪಂದ್ಯಗಳಲ್ಲಿ 118 ಟ್ರೈ. ಮೂವತ್ತು ದಾಟಿದ ವಿಂಗರನನ್ನು ಸಾಮಾನ್ಯವಾಗಿ ಸಂಘಗಳು ಮುದಿ ಎತ್ತಿನಂತೆ ಕಾಣುತ್ತವೆ. ಈತ 1975ರ ವಿಶ್ವಕಪ್ಪಿನಲ್ಲಿ ವೇಲ್ಸ್ ಪರ ಆಡಿದ, 1980ರ ಮೇ 3ರಂದು ಮೂವತ್ತೇಳರ ವಯಸ್ಸಿನಲ್ಲಿ ವೆಂಬ್ಲಿಯ ಹುಲ್ಲಿನ ಮೇಲೆ ನಿಂತ. ಅಂದಿನ ಚಾಲೆಂಜ್ ಕಪ್ ಅಂತಿಮ ಪಂದ್ಯ ಹಲ್ ನಗರದ ಎರಡು ತಂಡಗಳ ನಡುವೆಯೇ ನಡೆದದ್ದು. ಊರಿಗೆ ಊರೇ ಲಂಡನ್ನಿಗೆ ಹೊರಟಿತ್ತು. ಕೊನೆಗೆ ಹೊರಡುವವರು ದೀಪ ಆರಿಸಿ ಎಂಬ ಅರ್ಥದ ಬರಹವನ್ನು ಯಾರೋ ಊರಿನಿಂದ ಹೊರಡುವ ರಸ್ತೆಯ ಬದಿಗೆ ನೆಟ್ಟಿದ್ದರಂತೆ. ಆ ರಸ್ತೆ ಪಶ್ಚಿಮಕ್ಕೆ ಹೋಗುವ ಎ63. ತೊಂಬತ್ತೈದು ಸಾವಿರ ಜನರ ಎದುರು ರೋವರ್ಸ್ 10-5ರಿಂದ ಗೆದ್ದಿತು. ನಾಯಕ ರೋಜರ್ ಮಿಲ್‌ವರ್ಡ್ ಆರಂಭದಲ್ಲೇ ದವಡೆ ಮುರಿದುಕೊಂಡೂ ಕೊನೆಯವರೆಗೆ ಆಡಿದ.

ಅಲ್ಲಿಗೂ ಮುಗಿಯಲಿಲ್ಲ. ಹಲ್ ಎಫ್‌ಸಿ ಹಿಂದೆ ಆ ಕಪ್ ಗೆದ್ದದ್ದು 1914ರಲ್ಲಿ. 1982ರಲ್ಲಿ ವೆಂಬ್ಲಿಯಲ್ಲಿ ವಿಡ್ನೆಸ್ ವಿರುದ್ಧ 14-14 ಸಮವಾಗಿ, ಲೀಡ್ಸಿನ ಎಲ್ಲಂಡ್ ರೋಡ್‌ನಲ್ಲಿ ಮರುಪಂದ್ಯ ಏರ್ಪಟ್ಟಿತು. ಆ ವೇಳೆಗೆ ಹಳೆಯ ಸಂಘಕ್ಕೆ ಮರಳಿ ಕಿರಿಯರನ್ನು ತಿದ್ದುತ್ತಿದ್ದ ಸಲ್ಲಿವನ್‌ನನ್ನೇ ಮರುಪಂದ್ಯದ ತಂಡಕ್ಕೆ ಸೇರಿಸಿದರು. ವಯಸ್ಸು ಮೂವತ್ತೊಂಬತ್ತು. ಹಲ್ 18-9ರಿಂದ ಗೆದ್ದಿತು. ಹೀಗೆ ಎರಡೂ ದಡದವರಿಗೆ ಆತ ಕಪ್ ತಂದುಕೊಟ್ಟಂತಾಯಿತು.

1985ರ ಅಕ್ಟೋಬರ್ 8ರಂದು, ನಲವತ್ತೆರಡನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಸಲ್ಲಿವನ್ ತೀರಿಕೊಂಡ. ಆ ವರ್ಷವೂ ಡಾಂಕಾಸ್ಟರ್ ತಂಡದೊಂದಿಗೆ ಅವನ ಆಟದ ನಂಟು ಪೂರ್ತಿ ಕಡಿದಿರಲಿಲ್ಲ. ಮಗ ಆಂಥನಿಗೆ ಆಗ ಹದಿನೇಳರ ಆಸುಪಾಸು. ಅವನೂ ವಿಂಗರ್ ಆದ. ಲೀಗ್‌ನಲ್ಲಿ ಬ್ರಿಟನ್ ಪರ ಆಡಿದ್ದಲ್ಲದೆ, ಎರಡು ಆಟಗಳ ನಡುವಿನ ಗೋಡೆ ಬಿದ್ದ ಮೇಲೆ 2001ರಲ್ಲಿ ವೇಲ್ಸಿನ ಯೂನಿಯನ್ ತಂಡಕ್ಕೂ ಆಡಿದ. ತಂದೆಯ ಕಾಲದಲ್ಲಿ ಕನಸಿನಲ್ಲೂ ಸಾಧ್ಯವಿಲ್ಲದ ಮಾತು.

ಹುಟ್ಟೂರು? ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಕಾರ್ಡಿಫಿಗೂ ಅನ್ವಯಿಸುತ್ತದೆ. ಬೋಸ್ಟನ್, ಸಲ್ಲಿವನ್, ಅವರಿಗಿಂತ ಹಿಂದಿನ ಗಸ್ ರಿಸ್ಮನ್ — ಈ ಮೂವರೂ ಕಾರ್ಡಿಫಿನಿಂದ ಉತ್ತರಕ್ಕೆ ಹೋಗಿ ಹೆಸರು ಮಾಡಿದವರು. ಮೂವರ ಕಂಚಿನ ಪ್ರತಿಮೆ ಕಾರ್ಡಿಫ್ ಕೊಲ್ಲಿಯ ದಡದಲ್ಲಿ ಎದ್ದು ನಿಂತದ್ದು 2023ರ ಜುಲೈಯಲ್ಲಿ. ಬೋಸ್ಟನ್ ಅದನ್ನು ನೋಡಲು ಬದುಕಿದ್ದ. 2025ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಆತನಿಗೆ 'ಸರ್' ಪದವಿ ಬಂತು. 1895ರಿಂದ ಅಂದಿನವರೆಗೆ ಆ ಗೌರವ ಪಡೆದ ಮೊದಲ ರಗ್ಬಿ ಲೀಗ್ ಆಟಗಾರ ಆತ. ನೂರಮೂವತ್ತು ವರ್ಷಗಳಲ್ಲಿ ಒಬ್ಬ!

ಹಲ್ ನಗರ ಇಷ್ಟೆಲ್ಲ ಕಾಯಲಿಲ್ಲ. ಸಲ್ಲಿವನ್ ತೀರಿಕೊಂಡ ಸ್ವಲ್ಪ ಕಾಲದಲ್ಲಿಯೇ, ಹಂಬರ್ ಸೇತುವೆಯ ಕಡೆಯಿಂದ ನಗರಕ್ಕೆ ಬರುವ ಎ63 ಹೆದ್ದಾರಿಗೆ ಆತನ ಹೆಸರಿಟ್ಟಿತು. ಅವನ ಹೆಸರಿನ ಪಾರಿತೋಷಕಕ್ಕಾಗಿ ಎರಡು ದಡದ ತಂಡಗಳು ಇಂದಿಗೂ ಸೆಣಸುತ್ತವೆ. ನಾವು ಊರಿಗೆ ಹೊರಟ ದಿನ ಬೆಳಿಗ್ಗೆ ಸೋದರಳಿಯನ ಕಾರಿನ ರೇಡಿಯೋದಲ್ಲಿ ಸ್ಥಳೀಯ ಸುದ್ದಿ ಬರುತ್ತಿತ್ತು. ಕ್ಲೈವ್ ಸಲ್ಲಿವನ್ ವೇಯಲ್ಲಿ ಲಾರಿಯೊಂದು ಕೆಟ್ಟು ನಿಂತು ವಾಹನಗಳು ಆಮೆಗತಿಯಲ್ಲಿ ಸಾಗುತ್ತಿವೆ ಎಂದು ಒಬ್ಬಾಕೆ ಹೇಳಿದಳು. "ನೋಡಿ ಮಾವ, ದಿನಕ್ಕೆ ಹತ್ತು ಸಲ ಅವರ ಹೆಸರು ಹೇಳುತ್ತಾರೆ, ಅದೂ ನಿಧಾನ ಎಂದು" ಎಂದು ನಕ್ಕ ಅವನು. ನಾವು ಆ ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆವು, ವಿಮಾನ ತಪ್ಪಲಿಲ್ಲ.